ಸಂಯೋಜಕ ಅಂಗಾಂಶ: ರಕ್ತ, ಎಲುಬು, ಕೊಬ್ಬು ಎಲ್ಲಾ ಒಂದೇ ಗುಂಪು ಹ್ಯಾಂಗ? ಪಾಠಕ್ಕೆ ಸರಿಯಾದ ವಿವರ ಬೇಕು

ಪಿಯು_ಬಯಾಲಜಿ_ಕೊಪ್ಪಳ
ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯು ಮಕ್ಕಳಿಗೆ ಅಂಗಾಂಶಗಳ ಪಾಠ ಶುರು ಆಗೋದೈತಿ. ಅನುಲೇಪಕ, ಸ್ನಾಯು, ನರ ಅಂಗಾಂಶ ಸಲೀಸಾಗಿ ತಲೆಗೆ ಹತ್ತತಾವ. ಸಂಯೋಜಕ ಅಂಗಾಂಶಕ್ಕ ಬಂದ್ರ ತೊಡಕು. ರಕ್ತ, ಎಲುಬು, ಕೊಬ್ಬು, ಕಿವಿಯ ಮೃದ್ವಸ್ಥಿ, ಹಿಮ್ಮಡಿಯ ಸ್ನಾಯುರಜ್ಜು ಇವನ್ನೆಲ್ಲ ಒಂದೇ ಗುಂಪಿಗೆ ಹಾಕಿದ್ದು ಯಾಕ ಅಂತ ಮಕ್ಕಳು ಕೇಳ್ತಾರ. "ಜೋಡಿಸುತ್ತದೆ, ಆಧಾರ ಕೊಡುತ್ತದೆ" ಅನ್ನೋ ಸಾಲು ಹೇಳಿದ್ರ, "ರಕ್ತ ಏನ್ ಜೋಡಸ್ತೈತ್ರಿ?" ಅಂತ ಮರುಪ್ರಶ್ನೆ. ತಿಳಿದವರು ಬಿಡಿಸಿ ಬರೀರಿ. ಸಾಧಾರಣ ಮೈಕ್ರೋಸ್ಕೋಪ್ ಅದಾವು. ಕಣ್ಣಿಗೆ ಕಾಣೋ ಹಂಗ, ಕೈಗೆ ಸಿಗೋ ಹಂಗ ತೋರಿಸೋ ದಾರಿ ಇದ್ರ ಅದೂ ಬೇಕು.

ಹಿಸ್ಟೋ_ರಾಯಚೂರು
ಮೇಡಂ, ಕೆಲಸದಿಂದ ಶುರು ಮಾಡಿದ್ರ ಈ ಗಂಟು ಬಿಚ್ಚೋದಿಲ್ರಿ. ಹುಟ್ಟು ಮತ್ತು ಕಟ್ಟಡ, ಈ ಎರಡರಿಂದ ಶುರು ಮಾಡ್ರಿ.

ಹುಟ್ಟು ಅಂದ್ರೆ ಭ್ರೂಣದ ನಡುಪದರದಿಂದ ಬರುವ ಮೀಸೆಂಕೈಮ್ ಎಂಬ ಸಡಿಲ ಅಂಗಾಂಶ. ನಾರು ತಯಾರಿಸುವ ಫೈಬ್ರೊಬ್ಲಾಸ್ಟ್, ಮೃದ್ವಸ್ಥಿ ತಯಾರಿಸುವ ಕಾಂಡ್ರೊಬ್ಲಾಸ್ಟ್, ಎಲುಬು ತಯಾರಿಸುವ ಆಸ್ಟಿಯೊಬ್ಲಾಸ್ಟ್, ಕೊಬ್ಬಿನ ಕೋಶ, ರಕ್ತದ ಮೂಲಕೋಶ ಎಲ್ಲವೂ ಈ ಒಂದೇ ಬುಡದಿಂದ ಕವಲೊಡೆದವು. ತಲೆ ಮತ್ತು ಮುಖದ ಎಲುಬಿನ ದೊಡ್ಡ ಪಾಲು ಮಾತ್ರ ನರಶಿಖೆಯ ಕೋಶಗಳಿಂದ ಬರುತ್ತದೆ, ಪಿಯು ಮಟ್ಟಕ್ಕೆ ಅಷ್ಟು ಆಳ ಬೇಡ.

ಕಟ್ಟಡದ ಮಾತು ಇನ್ನೂ ಮುಖ್ಯ. ಅನುಲೇಪಕ ಅಂಗಾಂಶದಲ್ಲಿ ಕೋಶಗಳು ಒಂದಕ್ಕೊಂದು ಅಂಟಿ ಕೂತಿರುತ್ತವೆ, ನಡುವೆ ಸಂದಿಯೇ ಇಲ್ಲ. ಸಂಯೋಜಕ ಅಂಗಾಂಶದಲ್ಲಿ ಕೋಶಗಳು ದೂರ ದೂರ. ನಡುವಿನ ಜಾಗದಲ್ಲಿ ನಾರುಗಳಿವೆ, ನಾರುಗಳ ಸುತ್ತ ತಳದ್ರವ್ಯ ಇದೆ. ಎರಡೂ ಸೇರಿ ಮ್ಯಾಟ್ರಿಕ್ಸ್. ಅಂಗಾಂಶದ ಗುಣ ನಿರ್ಧಾರವಾಗುವುದು ಈ ನಡುವಿನ ಜಾಗದಲ್ಲಿ. ತಳದ್ರವ್ಯ ನೀರಿನಂತೆ ಹರಿದರೆ ರಕ್ತ, ತೆಳು ಜೆಲ್ಲಿ ಆದರೆ ಚರ್ಮದಡಿಯ ಸಡಿಲ ಅಂಗಾಂಶ, ಒತ್ತಿದರೆ ಮರಳಿ ಬರುವ ಗಟ್ಟಿ ಜೆಲ್ ಆದರೆ ಮೃದ್ವಸ್ಥಿ, ಅದರಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಕೂತರೆ ಎಲುಬು. ಮಕ್ಕಳಿಗೆ ಕೋಶ ಎಣಿಸಲು ಹೇಳಬೇಡಿ, ಕೋಶಗಳ ನಡುವೆ ಏನಿದೆ ಅಂತ ನೋಡಲು ಹೇಳ್ರಿ.

ರಕ್ತದ ವಿಷಯದಲ್ಲಿ ಒಂದು ವಿನಾಯಿತಿ ಹೇಳಲೇಬೇಕು. ಉಳಿದ ಕಡೆ ಮ್ಯಾಟ್ರಿಕ್ಸನ್ನು ಅಲ್ಲಿನ ಕೋಶಗಳೇ ತಯಾರಿಸುತ್ತವೆ. ರಕ್ತದ ತಳದ್ರವ್ಯವಾದ ಪ್ಲಾಸ್ಮಾವನ್ನು ರಕ್ತಕಣಗಳು ತಯಾರಿಸುವುದಿಲ್ಲ, ಅದರ ಹೆಚ್ಚಿನ ಪ್ರೋಟೀನ್ ಬರುವುದು ಯಕೃತ್ತಿನಿಂದ. ನಾರು ಕೂಡ ಕಣ್ಣಿಗೆ ಕಾಣುವಂತೆ ಇರುವುದಿಲ್ಲ. ಫೈಬ್ರಿನೋಜೆನ್ ರೂಪದಲ್ಲಿ ಕರಗಿರುತ್ತದೆ, ಗಾಯವಾದಾಗ ಫೈಬ್ರಿನ್ ನಾರಾಗಿ ಹೆಣೆದುಕೊಳ್ಳುತ್ತದೆ. ಕೊಬ್ಬಿನಲ್ಲಿ ಇನ್ನೊಂದು ವಿನಾಯಿತಿ: ಅಲ್ಲಿ ಕೋಶವೇ ಹೆಚ್ಚು, ಮ್ಯಾಟ್ರಿಕ್ಸ್ ಕಡಿಮೆ.

ಪಶುವೈದ್ಯ_ಸಿಂಧನೂರು
ಕೈಗೆ ಸಿಗೋ ಹಂಗ ತೋರಿಸಬೇಕಂದ್ರ ಮಟನ್ ಅಂಗಡಿಗೆ ಹೋಗ್ರಿ ಮೇಡಂ. ಎರಡು ವಸ್ತು ಕೇಳಿ ತರ್ರಿ. ಒಂದು, ಕುರಿ ಕಾಲಿನ ಹಿಂಬದಿಯ ಬಿಳಿ ಹುರಿ, ಅಂದ್ರ ಸ್ನಾಯುರಜ್ಜು. ಎರಡು, ಕತ್ತಿನ ಮೇಲ್ಭಾಗದ ಹಳದಿ ಪಟ್ಟಿ. ಭುಜದ ನಡುವಿನ ಬೆನ್ನುಮೂಳೆಯ ಮುಳ್ಳುಗಳಿಂದ ತಲೆಬುರುಡೆಯ ಹಿಂಭಾಗದ ತನಕ ಹೋಗ್ತದ. ಕೆಂಗುರಿ ಆಗಲಿ, ಬಳ್ಳಾರಿ ತಳಿ ಆಗಲಿ, ಆಡಾಗಲಿ, ಎಲ್ಲದರಲ್ಲೂ ಸಿಗ್ತದ. ದಿನಪೂರ್ತಿ ತಲೆ ತಗ್ಗಿಸಿ ಮೇಯೋ ಪ್ರಾಣಿ, ಪ್ರತಿ ಸಲ ಸ್ನಾಯುವಿನ ಬಲದಿಂದಲೇ ತಲೆ ಎತ್ತಬೇಕಾದ್ರ ದಣಿದು ಹೋಗ್ತದ. ಈ ಪಟ್ಟಿ ರಬ್ಬರಿನಂಗ ಎಳೆದುಕೊಂಡು ತಲೆಯ ಭಾರ ಹೊರ್ತದ. ಮನುಷ್ಯರಲ್ಲಿ ಇದು ತೀರ ದುರ್ಬಲ, ಹಂದಿಯಲ್ಲಿ ಇಲ್ಲವೇ ಇಲ್ಲ.

ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಡ್ರಿ. ಕಾಲಿನ ಹುರಿ ಮುತ್ತಿನ ಹೊಳಪಿನ ಬಿಳುಪು, ಉದ್ದಕ್ಕೆ ಸಣ್ಣ ಗೆರೆ, ಉಗುರಿನಿಂದ ಸೀಳಿದ್ರ ನೂಲಿನಂಗ ಎಳೆ ಎಳೆಯಾಗಿ ಬಿಚ್ಚಿ ಬರ್ತದ. ಎಳೆದ್ರ ಜಗ್ಗೋದಿಲ್ಲ. ಕತ್ತಿನ ಪಟ್ಟಿ ಅರಿಶಿನದ ಬಣ್ಣ, ಎಳೆದ್ರ ಒಂದೂವರೆ ಪಟ್ಟು ಉದ್ದ ಆಗಿ, ಬಿಟ್ಟ ಕೂಡಲೇ ಹಿಂದಕ್ಕ ಬರ್ತದ. ಮೊದಲನೆಯದು ಕೊಲಾಜೆನ್ ಅನ್ನೋ ಪ್ರೋಟೀನಿನ ನಾರು, ಎರಡನೆಯದು ಎಲಾಸ್ಟಿನ್ ಅನ್ನೋ ಪ್ರೋಟೀನಿನ ನಾರು. ಬಿಳಿ ನಾರು, ಹಳದಿ ನಾರು ಅಂತ ಹಳೇ ಪುಸ್ತಕದಾಗ ಹೆಸರು ಬಂದಿದ್ದು ಇದೇ ಬಣ್ಣದಿಂದ.

ಆಮೇಲೆ ಎರಡರಿಂದಲೂ 5 ಸೆಂ.ಮೀ. ತುಂಡು ಅಳತೆ ಮಾಡಿ ಕತ್ತರಿಸಿ, ಕುದಿಯೋ ನೀರಿಗೆ ಹಾಕ್ರಿ. ಕಾಲಿನ ಹುರಿ ನಿಮಿಷದೊಳಗ ಮುದುಡಿ ಗಿಡ್ಡ ಆಗ್ತದ, ದಪ್ಪ ಆಗ್ತದ, ಪಾರದರ್ಶಕ ಆಗ್ತದ. ಮೂರು-ನಾಲ್ಕು ತಾಸು ಕುದಿಸಿದ್ರ ಮೆತ್ತಗಾಗಿ ಕರಗ್ತದ, ಆ ನೀರು ಆರಿದ ಮೇಲೆ ಜೆಲ್ಲಿ ಕಟ್ತದ. ಕಾಲು ಸೂಪ್ ಗಟ್ಟಿ ಆಗೋದು ಇದಕ್ಕೇ. ಕತ್ತಿನ ಪಟ್ಟಿ ಎಷ್ಟು ಕುದಿಸಿದ್ರೂ ಪಟ್ಟಿಯಾಗೇ ಉಳೀತದ.

ಹಿಸ್ಟೋ_ರಾಯಚೂರು
ಇದು ಬಹಳ ಒಳ್ಳೆ ಪ್ರಯೋಗ ಸರ್. ಕುದಿಸಿದಾಗ ಏನಾಗ್ತದ ಅನ್ನೋದು ಮಕ್ಕಳಿಗೆ ಹೇಳಲೇಬೇಕು.

ಕೊಲಾಜೆನ್ ಮೂರು ಎಳೆಯ ಹುರಿ, ಕುದಿಸಿದಾಗ ಆ ಎಳೆಗಳು ಬಿಚ್ಚಿಕೊಳ್ತಾವ. ಪ್ರತಿ ಎಳೆಯಲ್ಲೂ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಲೇಬೇಕು. ಮೂರೂ ಎಳೆ ನಡುವೆ ಕೂಡುವಲ್ಲಿ ಜಾಗ ಎಷ್ಟು ಇಕ್ಕಟ್ಟು ಅಂದ್ರ ಅತಿ ಚಿಕ್ಕದಾದ ಗ್ಲೈಸಿನ್ ಬಿಟ್ಟು ಬೇರೆ ಯಾವುದೂ ಹಿಡಿಸೋದಿಲ್ಲ. ಒಂದು ಕಡೆ ಅದರ ಬದಲು ಬೇರೆಯದು ಬಂದ್ರ ಹುರಿ ಅಲ್ಲಿ ಸಡಿಲ. ಹುಟ್ಟಿನಿಂದ ಎಲುಬು ಮುರಿಯುವ ಕಾಯಿಲೆ, ಆಸ್ಟಿಯೋಜೆನೆಸಿಸ್ ಇಂಪರ್‌ಫೆಕ್ಟಾ, ಎಷ್ಟೋ ಜನರಲ್ಲಿ ಬರುವುದು ಈ ಒಂದೇ ಅಕ್ಷರದ ತಪ್ಪಿನಿಂದ.

ತಯಾರಿಕೆಯ ಕ್ರಮ ನೋಡ್ರಿ. ಫೈಬ್ರೊಬ್ಲಾಸ್ಟ್ ಒಳಗೆ ಎಳೆ ತಯಾರಾಗುತ್ತದೆ. ಪ್ರೋಲಿನ್, ಲೈಸಿನ್ ಮೇಲೆ ಹೈಡ್ರಾಕ್ಸಿಲ್ ಗುಂಪು ಕೂಡುತ್ತದೆ, ಇದಕ್ಕೆ ಸಿ ವಿಟಮಿನ್ ಮತ್ತು ಕಬ್ಬಿಣ ಬೇಕು. ಮೂರು ಎಳೆ ಹೊಸೆದುಕೊಳ್ಳುತ್ತವೆ. ಹೊರಗೆ ಬಂದ ಮೇಲೆ ಎರಡೂ ತುದಿಯ ಬಾಲ ಕತ್ತರಿಸಲ್ಪಡುತ್ತದೆ. ಆಗ ಉಳಿಯುವ 300 ನ್ಯಾನೋಮೀಟರ್ ಉದ್ದದ ಅಣುಗಳು ಇಟ್ಟಿಗೆ ಗೋಡೆಯಂತೆ ಸಂದಿಗೆ ಸಂದಿ ತಪ್ಪಿಸಿ ಜೋಡಿಸಿಕೊಳ್ಳುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ 67 ನ್ಯಾನೋಮೀಟರಿಗೊಮ್ಮೆ ಪಟ್ಟೆ ಕಾಣುವುದು ಈ ಜೋಡಣೆಯಿಂದ. ಕೊನೆಗೆ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಅಡ್ಡಹೊಲಿಗೆ ಹಾಕುತ್ತದೆ, ಅದಕ್ಕೆ ತಾಮ್ರ ಬೇಕು.

ಹೈಡ್ರಾಕ್ಸಿಲ್ ಕೂಡದ ಹುರಿ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈ 37 ಡಿಗ್ರಿ. ಅಂದ್ರ ಸಿ ವಿಟಮಿನ್ ಇಲ್ಲದ ಮೈಯಲ್ಲಿ ಗಟ್ಟಿ ಹುರಿ ನಿಲ್ಲೋದೇ ಇಲ್ಲ. ಸ್ಕರ್ವಿಯಲ್ಲಿ ಒಸಡು ಬಾತು ರಕ್ತ ಬರುವುದು, ಕೂದಲ ಬುಡದಲ್ಲಿ ರಕ್ತದ ಚುಕ್ಕಿ, ಹಳೆಯ ಗಾಯ ಮತ್ತೆ ಬಿರಿಯುವುದು ಎಲ್ಲಕ್ಕೂ ಕಾರಣ ಇದು. ಹಳೆಯ ಗಾಯ ಯಾಕೆ ಬಿರಿಯುತ್ತದೆ ಅಂದ್ರ, ಕಲೆಯಲ್ಲಿ ಕೊಲಾಜೆನ್ ಕೊಳೆಯುವುದು, ಹೊಸದು ಕೂಡುವುದು ನಡೀತಾನೇ ಇರ್ತದ. ಹೊಸದು ನಿಂತ್ರ ಲೆಕ್ಕ ತಪ್ಪುತ್ತದೆ.

ನರ್ಸಿಂಗ್_ಸಿರುಗುಪ್ಪ
ಕಾಲು ಸೂಪ್ ಮಾತು ಬಂತು, ಅದಕ್ಕೆ ಕೇಳ್ತೀನಿ. ಎಲುಬು ಮುರಿದವರಿಗೆ, ಮೊಣಕಾಲು ಸವೆದವರಿಗೆ ಕಾಲು ಸೂಪ್ ಕುಡಿಸ್ರಿ ಅಂತ ಮನೆಮನೆಯಾಗೂ ಹೇಳ್ತಾರೆ. ಅದ್ರಲ್ಲಿರೋ ಕೊಲಾಜೆನ್ ಸೀದಾ ಮೊಣಕಾಲಿಗೆ ಹೋಗ್ತೈತಾ?

ಸಮುದಾಯವೈದ್ಯ_ಕುಷ್ಟಗಿ
ಹೋಗುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಅದು ಅಮೈನೋ ಆಮ್ಲಗಳಾಗಿ ಮತ್ತು ತೀರ ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಅಲ್ಲಿಂದ ಮುಂದೆ ಮೈಗೆ ಎಲ್ಲಿ ಬೇಕೋ ಅಲ್ಲಿ ಬಳಕೆಯಾಗುತ್ತದೆ. ಕುಡಿಯಬೇಡಿ ಎನ್ನಬೇಕಿಲ್ಲ, ಆದರೆ ಅದನ್ನೇ ಪೂರ್ತಿ ಆಹಾರ ಎಂದು ನಂಬಬಾರದು. ಕೊಲಾಜೆನ್ ಕುದಿಸಿದಾಗ ಬರುವ ಜೆಲಾಟಿನ್‌ನಲ್ಲಿ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲವೇ ಇಲ್ಲ. ಮೊಟ್ಟೆ, ಹಾಲು, ಬೇಳೆ, ಮಾಂಸ ಜೊತೆಗೆ ಬೇಕು. ಸಿ ವಿಟಮಿನ್ ವಯಸ್ಕರಿಗೆ ದಿನಕ್ಕೆ 65ರಿಂದ 80 ಮಿ.ಗ್ರಾಂ. ಸಾಕು, ಒಂದು ಪೇರಲ ಹಣ್ಣು ಅದನ್ನು ದಾಟಿಸುತ್ತದೆ. ಪುಂಡಿಪಲ್ಯ ಒಳ್ಳೆಯದೇ, ಆದರೆ ಅಷ್ಟು ಹೊತ್ತು ಬೇಯಿಸಿದಾಗ ಸಿ ವಿಟಮಿನ್ ಬಹಳ ಹಾಳಾಗುತ್ತದೆ. ರೊಟ್ಟಿ ಜೊತೆ ಹಸಿ ಮೆಂತ್ಯ, ಹಸಿ ಉಳ್ಳಾಗಡ್ಡಿ, ನಿಂಬೆಹಣ್ಣು ಇಟ್ಟುಕೊಳ್ಳುವ ರೂಢಿ ಬಿಡಬಾರದು.

ಪಿಯು_ಬಯಾಲಜಿ_ಕೊಪ್ಪಳ
ತುಂಬಾ ಉಪಯೋಗ ಆತು. ಕೋಶಗಳ ಬಗ್ಗೆನೂ ಹೇಳ್ರಿ. ಪುಸ್ತಕದಾಗ ಹೆಸರು ಸಾಲಾಗಿ ಅದಾವು, ಸ್ಲೈಡ್ ನೋಡಿದ್ರ ಎಲ್ಲಾ ನೀಲಿ ಚುಕ್ಕಿ.

ಹಿಸ್ಟೋ_ರಾಯಚೂರು
ಊರಲ್ಲೇ ಇರುವವರು, ಬಂದು ಹೋಗುವವರು ಅಂತ ಎರಡು ಪಂಗಡ ಮಾಡ್ರಿ.

ಊರಲ್ಲೇ ಇರುವವರಲ್ಲಿ ಮೊದಲನೆಯದು ಫೈಬ್ರೊಬ್ಲಾಸ್ಟ್. ನಾರು, ತಳದ್ರವ್ಯ ಎರಡನ್ನೂ ತಯಾರಿಸುವುದು ಇದೇ. ಕೆಲಸದಲ್ಲಿದ್ದಾಗ ಕೋಶಕೇಂದ್ರ ದೊಡ್ಡದು, ತಿಳಿ ಬಣ್ಣ. ಕೆಲಸ ಕಡಿಮೆ ಆದಾಗ ಫೈಬ್ರೊಸೈಟ್ ಆಗುತ್ತದೆ, ಕೇಂದ್ರ ತೆಳುವಾಗಿ ಗಾಢವಾಗಿ ನಾರಿನ ನಡುವೆ ಜೋಳದ ಹೊಟ್ಟಿನಂತೆ ಸಿಕ್ಕಿಕೊಂಡಿರುತ್ತದೆ. ಗಾಯ ಆದಾಗ ಕೆಲವು ಮಯೋಫೈಬ್ರೊಬ್ಲಾಸ್ಟ್ ಆಗಿ, ಸ್ನಾಯುವಿನಂತೆ ಆಕ್ಟಿನ್ ತುಂಬಿಕೊಂಡು ಗಾಯದ ಅಂಚನ್ನು ಒಳಕ್ಕೆ ಎಳೆಯುತ್ತವೆ. ಸುಟ್ಟ ಗಾಯದ ಕಲೆ ಕೀಲನ್ನು ಮುರುಟಿಸುವುದು ಇವುಗಳ ಎಳೆತ ನಿಲ್ಲದೇ ಹೋದಾಗ.

ಮ್ಯಾಕ್ರೊಫೇಜ್ ಮೂಲದಲ್ಲಿ ರಕ್ತದ ಮೋನೊಸೈಟ್. ಕೇಂದ್ರ ಅವರೆಕಾಳಿನ ಆಕಾರ, ಒಳಗೆ ನುಂಗಿದ ಸರಕು ಕಾಣಬಹುದು. ಮಾಸ್ಟ್ ಕೋಶ ಸಣ್ಣ ರಕ್ತನಾಳದ ಅಕ್ಕಪಕ್ಕ ಕೂತಿರುತ್ತದೆ, ಹೊಟ್ಟೆ ತುಂಬಾ ಹಿಸ್ಟಮಿನ್ ಮತ್ತು ಹೆಪಾರಿನ್ ಕಣ. ಚೇಳು, ಜೇನು ಕುಟುಕಿದಾಗ ಸುತ್ತಲೂ ಕೆಂಪಾಗಿ ಬಾಯುವುದರಲ್ಲಿ ಇದರ ಪಾಲು ದೊಡ್ಡದು. ಕೊಬ್ಬಿನ ಕೋಶ ಸಾಧಾರಣ ಸ್ಲೈಡಿನಲ್ಲಿ ಖಾಲಿ ಉಂಗುರದಂತೆ ಕಾಣುತ್ತದೆ, ಕೇಂದ್ರ ಅಂಚಿಗೆ ಒತ್ತಿಕೊಂಡ ಹರಳು.

ಬಂದು ಹೋಗುವವರು ಅಂದ್ರ ನ್ಯೂಟ್ರೋಫಿಲ್, ಇಯೋಸಿನೋಫಿಲ್, ಲಿಂಫೋಸೈಟ್. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶ ಮಾತ್ರ ಗುರುತು ಹಿಡಿಯೋದು ಸುಲಭ: ಕೇಂದ್ರ ಒಂದು ಪಕ್ಕಕ್ಕೆ, ಅದರೊಳಗೆ ಬಂಡಿ ಗಾಲಿಯ ಅರೆಕಾಲಿನಂತೆ ಗಟ್ಟಿ ಗೆರೆ, ಕೇಂದ್ರದ ಪಕ್ಕ ಬಿಳಿಚಿದ ಒಂದು ಜಾಗ.

ಸ್ಲೈಡ್_ಬಳ್ಳಾರಿ
ಎಲ್ಲಾ ನೀಲಿ ಚುಕ್ಕಿಯಾಗಿ ಕಾಣೋದಕ್ಕೆ ಕಾರಣ ಬಣ್ಣ, ಮೇಡಂ. ಹೆಮಟಾಕ್ಸಿಲಿನ್-ಇಯೋಸಿನ್ ಒಂದರಲ್ಲೇ ನಾರು ಯಾವುದು, ಸ್ನಾಯು ಯಾವುದು ಅಂತ ಬೇರ್ಪಡೋದು ಕಷ್ಟ, ಎರಡೂ ಗುಲಾಬಿ. ಕಾಲೇಜಿಗೆ ಸ್ಲೈಡ್ ಕೊಳ್ಳುವಾಗ ಇವನ್ನ ಕೇಳಿ: ವ್ಯಾನ್ ಗೀಸನ್ ಬಣ್ಣದಲ್ಲಿ ಕೊಲಾಜೆನ್ ಕೆಂಪು, ಸ್ನಾಯು ಹಳದಿ. ವೆರ್‌ಹಾಫ್ ಬಣ್ಣದಲ್ಲಿ ಎಲಾಸ್ಟಿನ್ ಕಪ್ಪು. ಬೆಳ್ಳಿ ಬಣ್ಣದಲ್ಲಿ ರೆಟಿಕ್ಯುಲರ್ ನಾರು, ಅಂದ್ರೆ ತೆಳು ಕೊಲಾಜೆನ್ ನಾರು, ಕಪ್ಪು ಜಾಲ. ಟೊಲ್ಯುಡೀನ್ ನೀಲಿಯಲ್ಲಿ ಮಾಸ್ಟ್ ಕೋಶದ ಕಣ ನೇರಳೆ, ಉಳಿದದ್ದೆಲ್ಲ ನೀಲಿ.

ಸ್ವಂತ ತಯಾರಿಸೋರಿಗೆ ಹೇಳೋದು. ತುಂಡು 3ರಿಂದ 5 ಮಿ.ಮೀ. ದಪ್ಪಕ್ಕಿಂತ ಹೆಚ್ಚು ಇರಬಾರದು. ಫಾರ್ಮಲಿನ್ ತುಂಡಿನ ಗಾತ್ರದ ಕಡಿಮೆ ಅಂದ್ರೂ 10 ಪಟ್ಟು. ಬಫರ್ ಹೀಗೆ: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೋನೊಹೈಡ್ರೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ನಿರ್ಜಲ 6.5 ಗ್ರಾಂ. ಬಫರ್ ಹಾಕದಿದ್ರೆ ದ್ರವ ಹುಳಿಯಾಗಿ, ರಕ್ತ ಇರೋ ತುಂಡಿನಲ್ಲಿ ಕಂದು-ಕಪ್ಪು ಕಣ ಕೂರುತ್ತೆ, ನೋಡೋರು ಅದನ್ನೇ ರೋಗ ಅಂದ್ಕೋತಾರೆ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಅಂಗಾಂಶ ಬೇಗ ಕೊಳೆಯುತ್ತೆ. ಕತ್ತರಿಸಿದ ಕೂಡಲೇ ಫಾರ್ಮಲಿನ್‌ಗೆ ಹಾಕಬೇಕು, ಬಕೆಟ್‌ನಲ್ಲಿಟ್ಟು ಸಂಜೆ ನೋಡಿದ್ರಾಯ್ತು ಅನ್ನೋ ಹಾಗಿಲ್ಲ. ಅಂಗಾಂಶ ಕೂರಿಸಿದ ಮೇಣದ ಬ್ಲಾಕನ್ನ ಐಸ್ ಮೇಲೆ ತಣ್ಣಗೆ ಮಾಡಿ ಕತ್ತರಿಸಿ, ಇಲ್ಲಾಂದ್ರೆ ಮೇಣ ಮೆತ್ತಗಾಗಿ ಪದರ ಸುಕ್ಕುಗಟ್ಟುತ್ತೆ. ಸ್ನಾಯುರಜ್ಜುವಿನ ಬ್ಲಾಕು ಕಠಿಣ, ಅದರ ಮೇಲೆ ಐದಾರು ನಿಮಿಷ ಒದ್ದೆ ಹತ್ತಿ ಇಟ್ರೆ ಬ್ಲೇಡ್ ಚೆನ್ನಾಗಿ ಹೋಗುತ್ತೆ.

ವ್ಯಾನ್ ಗೀಸನ್‌ನಲ್ಲಿ ತಪ್ಪು ಆಗೋದು ಎರಡು ಕಡೆ. ಪಿಕ್ರಿಕ್ ಆಮ್ಲ ಸಾಮಾನ್ಯ ಹೆಮಟಾಕ್ಸಿಲಿನ್ನನ್ನ ತೊಳೆದು ಹಾಕುತ್ತೆ, ಕೇಂದ್ರ ಮಾಯ. ಅದಕ್ಕೆ ವೈಗರ್ಟ್ ಕಬ್ಬಿಣದ ಹೆಮಟಾಕ್ಸಿಲಿನ್ನೇ ಬೇಕು, ಅದೂ ಹೊಸದಾಗಿ ಬೆರೆಸಿದ್ದು. ಎರಡನೆಯದು, ಬಣ್ಣ ಹಾಕಿದ ಮೇಲೆ ನಲ್ಲಿ ಕೆಳಗೆ ತೊಳೆದ್ರೆ ಹಳದಿ ಹೋಗುತ್ತೆ. ಒತ್ತಿ ಒರೆಸಿ ಸೀದಾ ಆಲ್ಕೋಹಾಲಿಗೆ. ಪಿಕ್ರಿಕ್ ಆಮ್ಲದ ಸೀಸೆ ಒಣಗೋಕೆ ಬಿಡಬೇಡಿ. ಒಣ ಹರಳು ಸ್ಫೋಟಕ. ಮುಚ್ಚಳದ ಸುತ್ತ ಹರಳು ಕಟ್ಟಿದ್ರೆ ತಿರುಗಿಸಬೇಡಿ, ಕೆರೆಯಬೇಡಿ, ಬಲ್ಲವರನ್ನ ಕರೆಸಿ. ಪಿಯು ಕಾಲೇಜಿನಲ್ಲಿ ಇದನ್ನ ಇಡದೇ ಇರೋದೇ ವಾಸಿ, ತಯಾರಾದ ಸ್ಲೈಡ್ ಕೊಳ್ಳಿ.

ಎಲುಬಿಗೆ ಮನೆಯ ಪ್ರಯೋಗ ಸಾಕು. ಕೋಳಿ ಕಾಲಿನ ಎಲುಬು ತೊಳೆದು ವಿನೆಗರ್‌ನಲ್ಲಿ ಮುಳುಗಿಸಿ, ದಿನಾ ವಿನೆಗರ್ ಬದಲಿಸಿ, ನಾಲ್ಕೈದು ದಿನಕ್ಕೆ ಸುಣ್ಣ ಕರಗಿ ಬಾಗುತ್ತೆ. ಉಳಿದಿರೋದು ಕೊಲಾಜೆನ್. ಇನ್ನೊಂದನ್ನ ಕೆಂಡದಲ್ಲಿ ಬಿಳಿಯಾಗೋ ತನಕ ಸುಡಿ, ಆಕಾರ ಹಾಗೇ ಇರುತ್ತೆ, ಬೆರಳಲ್ಲಿ ಒತ್ತಿದ್ರೆ ಪುಡಿ. ಅಲ್ಲಿ ಉಳಿದಿರೋದು ಹರಳು ಮಾತ್ರ.

ಫಿಸಿಯೋ_ಗಂಗಾವತಿ
ಪದಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕ್ರಿ. ನಮ್ಮ ಕಡೆ ನರ್ವ್‌ಗೂ ನರ, ರಕ್ತನಾಳಕ್ಕೂ ನರ, ಹಿಮ್ಮಡಿಯ ಹುರಿಗೂ ನರ. "ನರ ಸರದೈತಿ", "ನರ ಹಿಡದೈತಿ" ಅಂತ ಬರ್ತಾರ. ಅಲ್ಲಿ ಆಗಿರೋದು ಬಹಳ ಸಲ ಅಸ್ಥಿರಜ್ಜು ಅಥವಾ ಸ್ನಾಯುರಜ್ಜುವಿನ ಪೆಟ್ಟು. ಎಲುಬಿಗೆ ಎಲುಬು ಕಟ್ಟಿದ್ದು ಅಸ್ಥಿರಜ್ಜು, ಸ್ನಾಯುವಿಗೆ ಎಲುಬು ಕಟ್ಟಿದ್ದು ಸ್ನಾಯುರಜ್ಜು. ಪಾಠದ ಮೊದಲ ದಿನ ಇದನ್ನ ಬಿಡಿಸಿ ಹೇಳಿದ್ರ ಮುಂದ ಗೊಂದಲ ಇಲ್ಲ.

ಹಿಸ್ಟೋ_ರಾಯಚೂರು
ಖರೆ. ಇನ್ನೊಂದು ಗೊಂದಲ ಅದ. ಈಗ ಸ್ನಾಯು ಅಂದ್ರ ಮಸಲ್. ಸುಶ್ರುತ ಸಂಹಿತೆಯಲ್ಲಿ ಮಸಲ್‌ಗೆ ಪೇಶಿ ಎಂಬ ಹೆಸರು, ಸ್ನಾಯು ಅಂದ್ರ ಕಟ್ಟುವ ನಾರಿನ ಪಟ್ಟಿ. 500 ಪೇಶಿ, 900 ಸ್ನಾಯು ಅಂತ ಎಣಿಕೆ. ಹಲಗೆಗಳನ್ನು ಬಿಗಿದ ದೋಣಿ ಭಾರ ಹೊರುವಂತೆ ಸ್ನಾಯುಗಳಿಂದ ಬಿಗಿದ ಕೀಲು ಭಾರ ಹೊರುತ್ತದೆ ಅಂತ ಹೋಲಿಕೆ. ಆಯುರ್ವೇದ ಓದುವ ಮಕ್ಕಳಿಗೆ ಇದು ಗೊತ್ತಿರಬೇಕು, ಇಲ್ಲಾಂದ್ರ ಎರಡು ಪುಸ್ತಕ ಎರಡು ಥರ ಹೇಳಿದಂಗ ಕಾಣ್ತದ.

ಫಿಸಿಯೋ_ಗಂಗಾವತಿ
ಸ್ನಾಯುರಜ್ಜು ಮಾಗೋದು ನಿಧಾನ, ಯಾಕಂದ್ರ ಅದಕ್ಕ ರಕ್ತ ಪೂರೈಕೆ ಕಡಿಮೆ. ಹಿಮ್ಮಡಿಯ ಹುರಿಯಲ್ಲಿ ಎಲುಬಿಗೆ ಕೂಡೋ ಜಾಗದಿಂದ 2ರಿಂದ 6 ಸೆಂ.ಮೀ. ಮೇಲೆ ರಕ್ತ ತೀರ ಕಡಿಮೆ, ಹರಿಯೋದು ಹೆಚ್ಚಾಗಿ ಅಲ್ಲೇ. ಹಳೆಯ ಹಿಮ್ಮಡಿ ನೋವಿಗೆ ಬರೀ ವಿಶ್ರಾಂತಿ ಕೊಟ್ರ ನಾರು ಬಲ ಆಗೋದಿಲ್ಲ. ಮೆಟ್ಟಿಲ ಅಂಚಿನ ಮೇಲೆ ಮುಂಗಾಲು ಊರಿ ನಿಂತು ಹಿಮ್ಮಡಿಯನ್ನ ನಿಧಾನಕ್ಕ ಕೆಳಗ ಇಳಿಸೋ ವ್ಯಾಯಾಮ, 15ರಂತೆ 3 ಸುತ್ತು, ದಿನಕ್ಕ 2 ಸಲ, 12 ವಾರ. ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಒಮ್ಮೆ. ಎತ್ತೋದಕ್ಕ ಇನ್ನೊಂದು ಕಾಲು ಬಳಸ್ಬೇಕು. ನಾರಿನ ಮೇಲೆ ಅಳತೆಯ ಹೊರೆ ಬಿದ್ರ ಫೈಬ್ರೊಬ್ಲಾಸ್ಟ್ ಆ ಎಳೆತದ ದಿಕ್ಕಿಗೇ ಹೊಸ ಕೊಲಾಜೆನ್ ಹಾಕ್ತಾವ.

ಆ ಹುರಿಯೊಳಗ ಸ್ಟೆರಾಯ್ಡ್ ಇಂಜೆಕ್ಷನ್ ಬೇಡ, ಹರಿಯೋ ಅಪಾಯ ಐತಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಳಿಗೆ ತಗೊಳ್ಳೋವಾಗ ಹಿಮ್ಮಡಿ ಮ್ಯಾಲೆ ನೋವು ಬಂದ್ರ ಡಾಕ್ಟರಿಗೆ ಅವತ್ತೇ ತಿಳಿಸ್ಬೇಕು. 60 ದಾಟಿದವರಿಗೆ, ಜೊತೆಗೆ ಸ್ಟೆರಾಯ್ಡ್ ತಗೊಳ್ಳೋರಿಗೆ ಅಪಾಯ ಹೆಚ್ಚು.

ಉಳುಕಿದ ಮೊದಲ ಎರಡು ದಿನ ಎಣ್ಣಿ ಹಚ್ಚಿ ತಿಕ್ಕಿಸಬ್ಯಾಡ್ರಿ, ಹರಿದ ಸಣ್ಣ ರಕ್ತನಾಳ ಇನ್ನಷ್ಟು ಸೋರ್ತಾವ. ಭತ್ತದ ನಾಟಿ ಮಾಡೋ ಹೆಣ್ಮಕ್ಕಳಿಗೆ ಒಂದು ಮಾತು. ಬಗ್ಗಿಯೇ ಇದ್ದಾಗ ಬೆನ್ನಿನ ಅಸ್ಥಿರಜ್ಜು ಮೆಲ್ಲಕ ಉದ್ದ ಆಗ್ತಾವ, ಎದ್ದ ಕೂಡಲೇ ಮೊದಲಿನಂಗ ಆಗೋದಿಲ್ಲ. ಎದ್ದವರೇ ಭತ್ತದ ಚೀಲ ಎತ್ತಬಾರದು. ಸಾಲು ಮುಗಿದಾಗಲೊಮ್ಮೆ ನೆಟ್ಟಗ ನಿಂತು ಸೊಂಟದ ಮ್ಯಾಲೆ ಕೈ ಇಟ್ಟು ಹಿಂದಕ್ಕ ಬಾಗಿ, ನಾಲ್ಕು ಹೆಜ್ಜೆ ಅಡ್ಡಾಡಿ ಆಮ್ಯಾಲೆ ಭಾರ.

ಸಮುದಾಯವೈದ್ಯ_ಕುಷ್ಟಗಿ
ಎಲುಬು ಮುರಿದಾಗ ನಾಟಿ ವೈದ್ಯರು ಹಾಕುವ ಕಟ್ಟಿನ ಬಗ್ಗೆಯೂ ಬರೆಯುತ್ತೇನೆ, ಇದರಲ್ಲಿ ಕೈಕಾಲು ಹೋಗುವ ಅಪಾಯವಿದೆ. ಕಾಲು, ಕೈಯ ಸ್ನಾಯುಗಳನ್ನು ಫೇಶಿಯಾ ಎಂಬ ದಟ್ಟ ಸಂಯೋಜಕ ಹೊದಿಕೆ ಕೋಣೆಗಳಾಗಿ ಬಿಗಿದಿದೆ. ಅದು ಹಿಗ್ಗುವುದಿಲ್ಲ. ಮುರಿತವಾಗಿ ಒಳಗೆ ಬಾವು ಬಂದಾಗ ಹೊರಗಿನಿಂದಲೂ ಬಿಗಿಯಾಗಿ ಕಟ್ಟಿದರೆ ಕೋಣೆಯ ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಆರು ತಾಸಿನೊಳಗೆ ಬಿಡಿಸದಿದ್ದರೆ ಸ್ನಾಯು ಸಾಯಲಾರಂಭಿಸುತ್ತದೆ. ಪೆಟ್ಟಿಗೆ ಮೀರಿದ ನೋವು, ಬೆರಳನ್ನು ಬೇರೆಯವರು ಚಾಚಿದಾಗ ಚೀರುವಷ್ಟು ನೋವು, ಜೋಮು ಬಂದರೆ ಕೂಡಲೇ ಕಟ್ಟು ಬಿಚ್ಚಿ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ನಾಡಿ ಸಿಗುತ್ತಿದೆ ಎಂದು ಸುಮ್ಮನೆ ಕೂರಬೇಡಿ, ಕೊನೆಯ ಹಂತದವರೆಗೂ ನಾಡಿ ಸಿಗಬಹುದು.

ತಳದ್ರವ್ಯದ ಬಗ್ಗೆ ಯಾರೂ ಹೆಚ್ಚು ಬರೆಯಲಿಲ್ಲ. ಅದರ ಮುಖ್ಯ ವಸ್ತು ಹಯಲುರೋನಿಕ್ ಆಮ್ಲ. ನೀರನ್ನು ಹಿಡಿದಿಟ್ಟು ಜೆಲ್ ಆಗಿ, ಸೂಕ್ಷ್ಮಾಣುಗಳು ಸಲೀಸಾಗಿ ಹರಡದಂತೆ ತಡೆಯುತ್ತದೆ. ಇದನ್ನು ಒಡೆಯುವ ಹಯಲುರೋನಿಡೇಸ್ ಕಿಣ್ವ ಹಾವಿನ ವಿಷದಲ್ಲಿದೆ, ಚರ್ಮಕ್ಕೆ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಲ್ಲೂ ಇದೆ. ಕೊಳಕುಮಂಡಲ ಕಚ್ಚಿದಾಗ ಬಾವು ಬೇಗ ಮೇಲೇರುವುದಕ್ಕೆ ಒಂದು ಕಾರಣ ಇದು. ಕಚ್ಚಿದ ಜಾಗ ಕೊಯ್ಯುವುದು, ಹಗ್ಗ ಬಿಗಿಯುವುದು ಎರಡೂ ಅಪಾಯ. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ನರ್ಸಿಂಗ್_ಸಿರುಗುಪ್ಪ
ಸರ್, ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೂ ಈ ಪಾಠಕ್ಕೂ ಸಂಬಂಧ ಐತಲ್ಲ? ಅದನ್ನೂ ಬರೀರಿ. ಮೃದ್ವಸ್ಥಿಗೆ ರಕ್ತನಾಳ ಇಲ್ಲ, ಪೆರಿಕಾಂಡ್ರಿಯಂ ಹೊದಿಕೆಯಿಂದಲೇ ಆಹಾರ ಅಂತ ಓದಿದ್ದು ಮೊಣಕಾಲಿಗೂ ಸರಿನಾ?

ಹಿಸ್ಟೋ_ರಾಯಚೂರು
ಮೊಣಕಾಲಿಗೆ ಸರಿ ಅಲ್ಲ. ಕೀಲಿನ ತುದಿಯ ಮೃದ್ವಸ್ಥಿಗೆ ಪೆರಿಕಾಂಡ್ರಿಯಂ ಇಲ್ಲವೇ ಇಲ್ಲ, ನಾರು ಮೃದ್ವಸ್ಥಿಗೂ ಇಲ್ಲ. ಅಲ್ಲಿಗೆ ಆಹಾರ ಕೀಲಿನ ದ್ರವದಿಂದ. ಮೃದ್ವಸ್ಥಿಯ ಹಸಿ ತೂಕದಲ್ಲಿ ನೂರಕ್ಕೆ 65ರಿಂದ 80 ಭಾಗ ನೀರು. ಅಗ್ರಿಕಾನ್ ಎಂಬ ದೊಡ್ಡ ಅಣುವಿನ ಋಣ ವಿದ್ಯುದಂಶ ನೀರನ್ನು ಎಳೆದಿಟ್ಟುಕೊಳ್ಳುತ್ತದೆ, ಕೊಲಾಜೆನ್ ಜಾಲ ಅದು ಉಬ್ಬದಂತೆ ಬಿಗಿ ಹಿಡಿಯುತ್ತದೆ. ನಡೆಯುವಾಗ ಒತ್ತಿದ್ರ ನೀರು ಹೊರಗೆ, ಬಿಟ್ರ ಒಳಗೆ, ಅದರ ಜೊತೆ ಆಹಾರ. ನಡೆಯದೇ ಕೂತ ಮೊಣಕಾಲು ಉಪವಾಸ ಬೀಳ್ತದ.

ಸಮುದಾಯವೈದ್ಯ_ಕುಷ್ಟಗಿ
ಫ್ಲೋರೈಡ್‌ಗೂ ಸಂಯೋಜಕ ಅಂಗಾಂಶಕ್ಕೂ ಸಂಬಂಧ ನೇರವಾದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರು ಇಲ್ಲದಾಗ 1.5ರ ತನಕ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬಿನ ಹರಳಿನಲ್ಲಿ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಕೂರುತ್ತದೆ. ಎಲುಬು ದಪ್ಪವಾದರೂ ಒಳ್ಳೆಯ ಎಲುಬಲ್ಲ. ಇನ್ನೂ ಕೆಟ್ಟದ್ದು, ಸುಣ್ಣ ಕೂರಬಾರದ ಅಸ್ಥಿರಜ್ಜುಗಳಲ್ಲೂ ಸುಣ್ಣ ಕೂರುತ್ತದೆ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಿಸಿದರೆ ಅದು ಬಲವಾದ ಗುರುತು.

ಊರಲ್ಲೇ ಮಾಡಬಹುದಾದ ಮೂರು ಪರೀಕ್ಷೆ: ಮೊಣಕಾಲು ಬಗ್ಗಿಸದೆ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಅಗಲಿಸಿ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಫ್ಲೋರೋಸಿಸ್ ಎಂದೇ ಹೇಳಲಾಗದು, ಆದರೆ ನೀರು ಮತ್ತು ಮೂತ್ರದ ಪರೀಕ್ಷೆ ಮಾಡಿಸಬೇಕು. ವಾಯು ಎಂದು ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿಸುವುದು ತಪ್ಪು.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಇಟ್ಟರೂ ಹೋಗುವುದಿಲ್ಲ. ಆರ್‌ಒ ತೆಗೆಯುತ್ತದೆ, ಮೆಂಬ್ರೇನ್ ಹಳತಾದರೆ ಬಿಡುತ್ತದೆ. ಆಕ್ಟಿವೇಟೆಡ್ ಅಲ್ಯುಮಿನಾ ಕೂಡ ತುಂಬಿದ ಮೇಲೆ ಕೆಲಸ ನಿಲ್ಲಿಸುತ್ತದೆ, ರುಚಿಯಿಂದ ಗೊತ್ತಾಗುವುದಿಲ್ಲ. ಹೊರಬರುವ ನೀರನ್ನೇ ಪರೀಕ್ಷಿಸಬೇಕು. ಮಳೆನೀರು, ಕಾಲುವೆಯಿಂದ ಶುದ್ಧೀಕರಿಸಿದ ನೀರು ಸಿಕ್ಕರೆ ಅಡುಗೆಗೂ ಅದನ್ನೇ ಬಳಸಿ.

ಕಲ್ಲು ಕೊರೆಯುವ, ಪುಡಿ ಮಾಡುವ ಕೆಲಸದವರ ಶ್ವಾಸಕೋಶದಲ್ಲೂ ಇದೇ ಅಂಗಾಂಶ ಅತಿಯಾಗುತ್ತದೆ. ಸಿಲಿಕಾ ದೂಳಿನ ತೀರ ಸಣ್ಣ ಕಣವನ್ನು ಮ್ಯಾಕ್ರೊಫೇಜ್ ನುಂಗುತ್ತದೆ, ಅರಗಿಸಲಾರದೆ ಸಾಯುತ್ತದೆ, ಕಣವನ್ನು ಮತ್ತೊಂದು ನುಂಗುತ್ತದೆ. ಪ್ರತಿ ಸಲವೂ ಫೈಬ್ರೊಬ್ಲಾಸ್ಟ್‌ಗೆ ನಾರು ಹಾಕಲು ಸಂಕೇತ ಹೋಗುತ್ತದೆ. ಸುರುಳಿ ಸುರುಳಿಯಾಗಿ ಕೊಲಾಜೆನ್ ಗಂಟು ಕಟ್ಟುತ್ತದೆ, ಅದು ಮರಳಿ ಕರಗುವುದಿಲ್ಲ. ಇವರಿಗೆ ಕ್ಷಯ ಬರುವ ಸಾಧ್ಯತೆಯೂ ಹೆಚ್ಚು. ನೀರು ಹಾಯಿಸಿ ಕೊರೆಯುವುದೇ ಮೊದಲ ರಕ್ಷಣೆ. ಮುಖಕ್ಕೆ ಕಟ್ಟಿದ ಟವೆಲ್ ಆ ಕಣವನ್ನು ತಡೆಯುವುದಿಲ್ಲ.

ಪಿಯು_ಬಯಾಲಜಿ_ಕೊಪ್ಪಳ
ಎರಡು ತರಗತಿಗೆ ಆಗೋವಷ್ಟು ಸಿಕ್ತು. ಕೊನೇದಾಗಿ ಪಶುವೈದ್ಯ ಸರ್‌ಗೆ: ಆ ಹಳದಿ ಪಟ್ಟಿನ ಒಂದು ವಾರ ಇಟ್ಟುಕೊಳ್ಳೋದು ಹ್ಯಾಂಗ? ಫಾರ್ಮಲಿನ್‌ನಾಗ ಹಾಕಲಾ?

ಪಶುವೈದ್ಯ_ಸಿಂಧನೂರು
ಫಾರ್ಮಲಿನ್ ಬ್ಯಾಡ್ರಿ, ಬಿರುಸಾಗ್ತದ, ಮಕ್ಕಳು ಕೈಯಾಗ ಹಿಡಿಯೋದಕ್ಕೂ ಒಳ್ಳೇದಲ್ಲ. ಸುತ್ತಲಿನ ಮಾಂಸ, ಕೊಬ್ಬು ಪೂರ್ತಿ ಕೆರೆದು ತೆಗೆದು, ಒದ್ದೆ ಬಟ್ಟೆಯಾಗ ಸುತ್ತಿ, ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಫ್ರೀಜರ್‌ನಾಗ ಇಡ್ರಿ. ಬಳಸೋ ದಿನ ಮುಂಜಾನೆ ಹೊರಗ ತೆಗೆದ್ರ ಆತು. ಒಂದು ತುಂಡನ್ನ ಮಾತ್ರ ಬೇಕಂತಲೇ ಬಿಸಿಲಿಗೆ ಹಾಕಿ ಒಣಗಿಸ್ರಿ. ಒಣಗಿದ ಪಟ್ಟಿ ಕಡ್ಡಿಯಂಗ ಗಟ್ಟಿ, ಬಗ್ಗಿಸಿದ್ರ ಲಟ್ಟನೆ ಮುರೀತದ. ಮಕ್ಕಳಿಗೆ ಮೊದಲು ಅದನ್ನ ಕೊಡ್ರಿ. ಆಮೇಲೆ ಅದೇ ತುಂಡನ್ನ ನೀರಾಗ ನೆನೆ ಹಾಕಿ, ಚೆನ್ನಾಗಿ ನೆನೆದ ಮೇಲೆ ಮತ್ತ ಕೈಗೆ ಕೊಡ್ರಿ. ಎಲಾಸ್ಟಿನ್ ಜಗ್ಗಬೇಕಂದ್ರ ನೀರು ಬೇಕೇ ಬೇಕು. ನೆನೆದ ತುಂಡು ತಿರುಗಿ ರಬ್ಬರಿನಂಗ ಎಳೀತದ.